ಒಂದು ಲಕ್ಷ ಆಟಗಳ ಅಳಿಯ

ಅತ್ತೆ ಬಾಯಿ ತುಂಬ ಕೇಳಿದಳೆಂದು ಅಳಿಯನಾದವನು ಬಾಯಿ ಬಿಟ್ಟು ಬೇಡಬಾರದು. ಇಷ್ಟು ಸಣ್ಣ ಸಂಗತಿಯನ್ನು ನೀಲಕಂಠನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ಎಲ್ಲ ಪಾಡಿಗೂ ಅದೇ ಮೂಲ.

ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬರುತ್ತದೆ. ಉಮರ್ಗಾ ಕಡೆ ಅದು ಧೋಂಡೆ ತಿಂಗಳು. ಮಗಳು-ಅಳಿಯನನ್ನು ಕರೆಸಿ, ಹೂರಣ ತುಂಬಿದ ಧೋಂಡೆ ಬೇಯಿಸಿ, ಮೇಲೆ ತುಪ್ಪ ಸುರಿದು ಉಣ್ಣಿಸಿ, ಕೈಯಲ್ಲೊಂದು ಉಡುಗೊರೆ ಇಟ್ಟು ಕಳಿಸುವ ತಿಂಗಳು. ಮೊದಲ ಧೋಂಡೆಯ ಅಳಿಯನಾದರೆ ಕೇಳುವುದೇ ಬೇಡ. ಅವನು ತಲೆ ತಗ್ಗಿಸಿ "ನಂಗೇನೂ ಬ್ಯಾಡ್ರಿ" ಅನ್ನುತ್ತಾನೆ, ಬೆರಳಿಗೆ ಉಂಗುರ ಹಾಕಿಕೊಂಡು ಮನೆಗೆ ಬರುತ್ತಾನೆ. ನೀಲಕಂಠನ ಷಡ್ಡಕ, ಆ ಕಡೆಯ ಮಾತಿನಲ್ಲಿ ಸಾಡು, ಅಂದರೆ ಹೆಂಡತಿಯ ಅಕ್ಕನ ಗಂಡ, ನಿಲಂಗಾದ ಭರತನ ಬೆರಳಲ್ಲಿ ಹೋದ ಧೋಂಡೆಯ ಉಂಗುರ ಇತ್ತು. ಅವರೆಕಾಳಿನಷ್ಟು ಕೆಂಪು ಹರಳು. ಭರತ ಮಾತಿಗೊಮ್ಮೆ ಅದೇ ಬೆರಳಿನಿಂದ ಮೀಸೆ ತೀಡುತ್ತಿದ್ದ.

ನೀಲಕಂಠ ಉಮರ್ಗಾ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಗುಮಾಸ್ತ. ಬೆಳಗಿನಿಂದ ಸಂಜೆಯವರೆಗೆ "ಲಾತೂರ ಗಾಡಿ ಎಷ್ಟಕ್ಕ?" ಎಂದು ಜನ ಕೇಳಬೇಕು, ಇವನು ಹೇಳಬೇಕು, ಹೇಳಿದ ಹೊತ್ತಿಗೆ ಗಾಡಿ ಬಾರದಿದ್ದರೆ ಬೈಗುಳ ತಿನ್ನಬೇಕು. ಇಂಥವನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಹುಚ್ಚು, ಕ್ರಿಕೆಟ್ಟು. ಆದರೆ ಶಾಲೆಯಲ್ಲಿ ಅವನ ಕೈಗೆ ಯಾರೂ ಬ್ಯಾಟು ಕೊಡಲೇ ಇಲ್ಲ. ಜಾಲಿಕಂಟಿಯ ಹತ್ತಿರ ನಿಲ್ಲಿಸಿ ಚೆಂಡು ಹೆಕ್ಕಿಸುತ್ತಿದ್ದರು. ಹೋದ ತಿಂಗಳು ಉದಗೀರಕ್ಕೆ ಮದುವೆಗೆ ಹೋದಾಗ ಒಂದು ಅಂಗಡಿಯಲ್ಲಿ ಆ ಡಬ್ಬಿ ಕಂಡ. ಟಿವಿಗೆ ಜೋಡಿಸುವ ವಿಡಿಯೋ ಗೇಮು. ಡಬ್ಬಿಯ ಮೇಲೆ ಹಸಿರು ಮೈದಾನ, ಸಿಕ್ಸರ್ ಬಾರಿಸುತ್ತಿರುವ ಆಟಗಾರ, ಹೆಲಿಕಾಪ್ಟರು, ಬಾಯಿ ತೆರೆದ ಹುಲಿ. ಕೆಳಗೆ 'ಒಂದರಲ್ಲಿ ಒಂದು ಲಕ್ಷ ಆಟ' ಎಂದು ಬರೆದಿತ್ತು. ಇಂಗ್ಲೆಂಡಿನಲ್ಲಿ ವಿಶ್ವಕಪ್ ಶುರುವಾಗಲಿದ್ದ ದಿನಗಳು ಬೇರೆ. ಅಂದಿನಿಂದ ನೀಲಕಂಠನಿಗೆ ನಿದ್ದೆಯಲ್ಲೂ ಸಿಕ್ಸರು.

ಅಂಥ ಹೊತ್ತಿನಲ್ಲಿ ಅತ್ತೆ ಕಸ್ತೂರಬಾಯಿ ಸಾಸ್ತೂರಿನಿಂದ ಫೋನು ಮಾಡಿ, "ಜಾವಯಿಬಾಪು, ಧೋಂಡಿಗ ನಿಮಗೇನ್ ಬೇಕ್ರಿ? ಸಂಕೋಚ ಮಾಡಬ್ಯಾಡ್ರಿ" ಅಂದಳು.

"ವಿಡಿಯೋ ಗೇಮ್ ಬೇಕ್ರಿ" ಅಂದ ನೀಲಕಂಠ.

ಅತ್ತೆ ಮೆಲ್ಲಗೆ ಕೇಳಿದಳು: "ಅದು ಉಣ್ಣೂದೇನ್ರಿ, ಉಡೂದೇನ್ರಿ?"

ಸಂಜೆ ಮನೆಗೆ ಬಂದಾಗ ಹೆಂಡತಿ ಮನಿಷಾ ಬಾಗಿಲಲ್ಲೇ ಹಿಡಿದಳು. "ನಮ್ಮಪ್ಪ ನಿಲಂಗಾದ ಸೊನಾರಗ ನಿಮ್ಮ ಬೆರಳಿನ ಅಳತಿ ಕೊಟ್ಟು ಬಂದಿದ್ದ. ಬಂಗಾರ ಬಿಟ್ಟು ಡಬ್ಬಿ ಕೇಳೀರಲ್ಲ! ಊರ ಮುಂದ ನನ್ನ ಮಾರಿ ಎಲ್ಲಿಡ್ಲಿ?"

"ಉಂಗುರ ಎಲ್ಲಾರ ಕಡಿ ಇರ್ತದ. ಒಂದ್ ಲಕ್ಷ ಆಟ ಯಾರ್ ಕಡಿ ಅವ ಹೇಳು" ಅಂದ ನೀಲಕಂಠ. ಬಾಯಲ್ಲಿ ಹಾಗೆ ಅಂದರೂ ಎದೆಯಲ್ಲಿ ಅಳುಕು ಹೊಕ್ಕಿತು. ಚಿನ್ನ ಕೈ ಬಿಟ್ಟಿತ್ತು. ಇನ್ನು ಆ ಡಬ್ಬಿ ಚಿನ್ನಕ್ಕಿಂತ ಮೇಲು ಎಂದು ಅತ್ತೆ ಮನೆಯವರಿಗೆ, ಅದಕ್ಕಿಂತ ಮುಖ್ಯವಾಗಿ ಭರತನಿಗೆ, ತೋರಿಸಿಕೊಡದಿದ್ದರೆ ಹುಟ್ಟಾ ಮೂರ್ಖ ಎಂಬ ಹೆಸರು ಖಾಯಂ.

ಧೋಂಡೆಯ ಭಾನುವಾರ ಗಂಡ-ಹೆಂಡತಿ ಬೆಳಗಿನ ಬಸ್ಸಿಗೆ ಸಾಸ್ತೂರಿಗೆ ಹೋದರು. ಭೂಕಂಪವಾಗಿ ಆರು ವರ್ಷ ತುಂಬುತ್ತ ಬಂದಿತ್ತು. ಹಳೆಯ ಕಲ್ಲು-ಮಣ್ಣಿನ ಮನೆಗಳು ಹೋಗಿ ಹೊಸ ಊರು ಎದ್ದಿತ್ತು. ಸಾಲು ಸಾಲಾಗಿ ಒಂದೇ ಅಚ್ಚಿನ ಮನೆಗಳು, ಗುರುತಿಗೆ ಗೋಡೆಯ ಮೇಲೆ ನಂಬರು. ಮದುವೆಯ ಹೊಸದರಲ್ಲಿ ನೀಲಕಂಠ ಎರಡು ಸಲ ಪಕ್ಕದ ಮನೆಗೆ ಹೋಗಿ, ಕಾಲು ತೊಳೆದು, ಚಹಾ ಕುಡಿದು, ಆಮೇಲೆ ಅತ್ತೆ ಎಲ್ಲಿ ಎಂದು ಕೇಳಿದ್ದ. ಊರವರಿಗೂ ಮನುಷ್ಯರಿಗಿಂತ ನಂಬರೇ ರೂಢಿಯಾಗಿತ್ತು. ನಲವತ್ತೊಂದರ ಮಾಳವ್ವ, ನಲವತ್ತೆರಡರ ರಂಭಾಬಾಯಿ, ನಲವತ್ತಮೂರರ ಕಾಶೆಪ್ಪ. ಮಾವ ರೇವಣಪ್ಪನದು ನಲವತ್ತೈದು.

ಊಟ ಭರ್ಜರಿಯಾಗಿ ಆಯಿತು. ನಿಲಂಗಾದಿಂದ ಹೆಂಡತಿಯೊಡನೆ ಬಂದಿದ್ದ ಭರತನಿಗೆ ಸಫಾರಿ ಬಟ್ಟೆ ಕೊಟ್ಟರು. ಆಮೇಲೆ ರೇವಣಪ್ಪ ಹಣೆಯ ವಿಭೂತಿ ಸರಿಪಡಿಸಿಕೊಂಡು, ತಟ್ಟೆಯಲ್ಲಿ ತೆಂಗಿನಕಾಯಿಯ ಪಕ್ಕ ಆ ಡಬ್ಬಿ ಇಟ್ಟು ಎರಡೂ ಕೈಯಿಂದ ಕೊಟ್ಟ. ಅವನು ಮಾತು ಕಡಿಮೆಯ ಮನುಷ್ಯ.

"ಉದಗೀರಕ್ಕ ಎರಡ್ ಸಲ ಹೋಗಿ ತಂದೀನಿ. ಹುಷಾರಲೇ ತಗೋರಿ" ಅಂದ, ಅಷ್ಟೆ.

ಹೊಸ ವಸ್ತು ಪೂಜೆಯಿಲ್ಲದೆ ಶುರು ಮಾಡುವಂತಿಲ್ಲ. ಕಸ್ತೂರಬಾಯಿ ಯಂತ್ರಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದು ಕುಂಕುಮ ಇಟ್ಟಳು. ಕಾಯಿ ಒಡೆಯಲು ಗಟ್ಟಿ ಜಾಗ ಹುಡುಕುತ್ತಿದ್ದ ಅವಳ ಕಣ್ಣು ಯಂತ್ರದ ಬೆನ್ನಿನ ಮೇಲೆ ನಿಂತದ್ದೇ ನೀಲಕಂಠ ಹಾರಿ ಬಂದು ಅದನ್ನು ಹೊಟ್ಟೆಗೆ ಅವಚಿಕೊಂಡ.

ಅಷ್ಟರಲ್ಲಿ ಸುದ್ದಿ ಓಣಿ ತಿರುಗಿತ್ತು. ಮನೆ ತುಂಬ ಜನ. ಪ್ರತಿಯೊಬ್ಬರಿಗೂ ಒಂದೊಂದು ಆಸೆ.

"ಒಂದ್ ಲಕ್ಷದಾಗ ಒಂದರೆ ದೇವರ ಆಟ ಇರ್ತದಿಲ್ಲೋ, ಅಳಿಯ್ಯಾರ?" ಎಂದಳು ಮಾಳವ್ವ.

"ಮೊದಲ ಎತ್ತಿನ ಗಾಡಿ ಶರ್ಯತ್ತು ಹಚ್ಚರಿ" ಎಂದ ಕಾಶೆಪ್ಪ, ಮುಂದಿನ ಸಾಲಿನಲ್ಲಿ ಚಕ್ಕಲಬಕ್ಕಲ ಹಾಕಿ ಕೂರುತ್ತ.

ಭರತ ಗೋಡೆಗೆ ಒರಗಿ ಮೀಸೆ ತೀಡಿದ. "ಹಚ್ಚರಿ ನೀಲಕಂಠರಾವ್. ಬಂಗಾರದಕ್ಕಿಂತ ಹೆಚ್ಚಿಂದು ಏನದ ಅಂತ ನಾವೂ ನೋಡ್ತೀವಿ."

ಟಿವಿಯ ಮೇಲೆ ಹೆಸರುಗಳ ಪಟ್ಟಿ ಮೂಡಿತು. ಒಂದನೆಯ ನಂಬರೇ 'ವರ್ಲ್ಡ್ ಕಪ್ ಕ್ರಿಕೆಟ್'. ನೀಲಕಂಠನ ಕಣ್ಣು ತುಂಬಿ ಬಂತು. ದೇವರ ಹೆಸರು ಹೇಳಿ ಗುಂಡಿ ಒತ್ತಿದ.

ಮೈದಾನ ಬರಲಿಲ್ಲ. ಹಸಿರು ಚಡ್ಡಿಯ ಒಬ್ಬ ಗಿಡ್ಡ ಬಂದ. ಅವನ ಕೈಯಲ್ಲಿ ಬ್ಯಾಟಿಲ್ಲ, ಎದುರಿಗೆ ಚೆಂಡಿಲ್ಲ. ಗಿಡ್ಡ ತಾನಾಗಿ ಓಡಿದ, ಒಂದು ತೆಗ್ಗಿನಲ್ಲಿ ಬಿದ್ದ. ಟಿವಿ ಸಾವಿನ ಮನೆಯ ರಾಗ ಹಾಡಿತು.

"ವಿಕೆಟ್ ಬಿತ್ತೇನ್ರಿ?" ಎಂದ ಕಾಶೆಪ್ಪ.

ಎರಡನೆಯದು 'ಹೆಲಿಕಾಪ್ಟರ್ ಯುದ್ಧ'. ಮೇಲಿನಿಂದ ಇಟ್ಟಿಗೆಗಳು ಬಿದ್ದವು, ಹೆಲಿಕಾಪ್ಟರಿನ ಸುಳಿವಿಲ್ಲ. ಮೂರನೆಯದು 'ಹುಲಿ ಬೇಟೆ'. ಅದರಲ್ಲಿ ಬಾತುಕೋಳಿಗಳು ಹಾರಿದವು. ಅವನ್ನು ಹೊಡೆಯಲು ಬೇರೆ ಬಂದೂಕು ಬೇಕಂತೆ, ಅದು ಡಬ್ಬಿಯಲ್ಲಿರಲಿಲ್ಲ. ನಾಲ್ಕನೆಯದು 'ಕಾರ್ ರೇಸ್'. ಬೆಂಕಿಪೊಟ್ಟಣದಷ್ಟು ದೊಡ್ಡ ಯುದ್ಧದ ಟ್ಯಾಂಕೊಂದು ಗೋಡೆಗೆ ಡಿಕ್ಕಿ ಹೊಡೆಯುತ್ತ ನಿಂತಿತು. ಐದನೆಯದು 'ಸೂಪರ್ ಕ್ರಿಕೆಟ್'. ನೀಲಕಂಠ ಉಸಿರು ಬಿಗಿ ಹಿಡಿದು ಒತ್ತಿದ. ಅದೇ ಹಸಿರು ಚಡ್ಡಿಯ ಗಿಡ್ಡ ಬಂದ, ಅದೇ ತೆಗ್ಗಿನಲ್ಲಿ ಬಿದ್ದ.

ಆರು, ಏಳು, ಎಂಟು, ಐವತ್ತು, ಐನೂರು. ಹೆಸರು ಒಂದು ಲಕ್ಷ, ಆಟ ನಾಲ್ಕೇ. ಇಷ್ಟು ವರ್ಷದ ಮೇಲೆ ಬ್ಯಾಟು ಕೈಗೆ ಬರುತ್ತದೆ ಅಂದುಕೊಂಡರೆ ನೀಲಕಂಠನನ್ನು ಮತ್ತೆ ಜಾಲಿಕಂಟಿಗೇ ತಂದು ನಿಲ್ಲಿಸಿದ್ದರು.

ಭರತ ಹೊಟ್ಟೆ ಹಿಡಿದು ನಕ್ಕ. "ಧೈರ್ಯಾ ಬಿಡಬ್ಯಾಡ್ರಿ ನೀಲಕಂಠರಾವ್. ಇನ್ನಾ ತೊಂಬತ್ತೊಂಬತ್ ಸಾವಿರ ಉಳದಾವ. ಮುಂದಿನ ಧೋಂಡಿ ತನಕ ಒಂದರೆ ಹೊಸಾದು ಸಿಗ್ತದ."

ಅಳಿಯನ ಮಾನ ಹೋಗುವುದನ್ನು ಮಾವ ರೇವಣಪ್ಪ ನೋಡಲಾರದೆ ಹೋದ. ಕೆಮ್ಮಿ, ನಿಧಾನವಾಗಿ ಅಂದ: "ಎಲ್ಲಾ ಒಂದೇ ಥರ ಕಾಣ್ತಾವ, ಖರೇ. ನಮ್ಮ ಮನಿಗೋಳ್ ಭೀ ಒಂದೇ ಥರ ಕಾಣ್ತಾವ. ಒಳಗ ಹೊಕ್ಕು ನೋಡಿದ್ರ ಒಂದೊಂದ್ರಾಗ ಒಂದೊಂದ್ ಇರ್ತದಿಲ್ಲೋ?"

ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಆದರೆ ಅದರಿಂದಲೇ ನೀಲಕಂಠನ ತಲೆಯ ಮೇಲೆ ಬಂಡೆ ಬಿತ್ತು.

"ಹೌದಲ್ರೀ!" ಎಂದು ಮಾಳವ್ವ ಮುಂದೆ ಸರಿದಳು. "ಹಂಗಾರ ನಮ್ಮ ನಲವತ್ತೊಂದ್ ತಗೀರಿ. ನಮ್ಮ ಮನ್ಯಾಗ ಏನದ ನೋಡಮ್ರಿ."

ನಲವತ್ತೊಂದು ತೆಗೆದ. ಗಿಡ್ಡ ಬಂದ, ಓಡಿದ, ತೆಗ್ಗಿನಲ್ಲಿ ಬಿದ್ದ.

"ಅಯ್ಯಯ್ಯೋ ನನ್ನ ಶಿವನೇ!" ಮಾಳವ್ವ ಎದೆ ಬಡಿದುಕೊಂಡಳು. "ನಮ್ಮನಿಯವ್ರು ಮುಂಜಾನಿ ಸೈಕಲ್ ಮ್ಯಾಲ ನಿಲಂಗಾಕ್ಕ ಹೋಗ್ಯಾರ! ಎತ್ತರಿ ಅವರಿಗೆ! ತೆಗ್ಗಿನಿಂದ ಮ್ಯಾಲ ಎತ್ತರಿ!"

"ಮಾಳವ್ವತ್ತಿ, ಇದು ಬರೇ ಆಟರಿ..."

"ನಿಮಗ ಆಟರಿ. ನಂಗ ಗಂಡ!"

ಗಿಡ್ಡ ತೆಗ್ಗು ದಾಟುವವರೆಗೆ ಮಾಳವ್ವ ಏಳುವಂತಿರಲಿಲ್ಲ, ಯಾರನ್ನೂ ಏಳಗೊಡುವಂತಿರಲಿಲ್ಲ. ನೀಲಕಂಠ ಒಂಬತ್ತು ಸಲ ಆಡಿದ. ಒಂಬತ್ತನೆಯ ಸಲ ಗಿಡ್ಡ ಹೇಗೋ ಹಾರಿ ಆ ದಡ ಸೇರಿದ. ಮನೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಮಾಳವ್ವ ಓಡಿಹೋಗಿ ಸಕ್ಕರೆ ತಂದು ಅವನ ಬಾಯಿಗೆ ತುಂಬಿದಳು. ಇನ್ನು ಕೇಳಬೇಕೆ? ಓಣಿಯ ಎಲ್ಲರೂ ತಂತಮ್ಮ ಮನೆಯ ಭವಿಷ್ಯ ನೋಡಿಕೊಳ್ಳಲು ಸಾಲು ಹಚ್ಚಿದರು.

ನಲವತ್ತೆರಡು ರಂಭಾಬಾಯಿಯದು. ಮುದುಕಿಗೆ ಕಣ್ಣು ಮಂಜು, ಕಿವಿ ಚುರುಕು. ತೆರೆಯ ಮೇಲೆ ಮತ್ತೆ ಇಟ್ಟಿಗೆ ಉದುರತೊಡಗಿದವು, ಈ ಸಲ ದಡದಡ ಸದ್ದಿನೊಂದಿಗೆ.

"ಇಟ್ಟಂಗಿ ಬೀಳ್ಲಾಕತ್ತಾವ! ಹೊರಗ ಬರ್ರೋ!" ಎಂದು ಕೂಗಿದಳು ಮುದುಕಿ.

ಯಾರೂ ಯೋಚಿಸಲಿಲ್ಲ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮನೆ ಖಾಲಿ. ಕಾಶೆಪ್ಪ ಕಿಟಕಿಯಿಂದ ಹಾರಿದ್ದ, ಭರತ ಸಫಾರಿ ಬಟ್ಟೆಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದ, ನೀಲಕಂಠನ ಕೈಯಲ್ಲಿ ಗುಂಡಿಗಳ ಪಟ್ಟಿ, ಅದರ ವಯರಿಗೆ ಜೋತು ಯಂತ್ರವೂ ಅಂಗಳಕ್ಕೆ ಬಂದಿತ್ತು. ಮೇ ತಿಂಗಳ ಬಿಸಿಲಲ್ಲಿ ಅಷ್ಟೂ ಜನ ಒಂದು ಗಳಿಗೆ ಸುಮ್ಮನೆ ನಿಂತರು. ಯಾರಿಗೂ ನಗು ಬರಲಿಲ್ಲ. ಭೂಕಂಪದ ಆ ಬೆಳಗಿನ ಜಾವದ ಓಟ ಇನ್ನೂ ಎಲ್ಲರ ಕಾಲಲ್ಲಿತ್ತು.

"ಟಿವ್ಯಾಗಿನ ಇಟ್ಟಂಗಿ ಮಾರಾಯರಾ" ಎಂದ ಕಾಶೆಪ್ಪ ಕಡೆಗೆ. ಆಗ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. ನಕ್ಕು ಮತ್ತೆ ಒಳಗೆ ಹೋಗಿ ಅವರವರ ಜಾಗದಲ್ಲೇ ಕೂತರು.

ಈಗ ರಂಭಾಬಾಯಿಯ ಹಟ ಬೇರೆ. "ಬಿದ್ದ ಇಟ್ಟಂಗಿ ನೆಟ್ಟಗ ಜೋಡಸ್ರಿ ತಮ್ಮಾ. ಗ್ವಾಡಿ ಪೂರಾ ಕಟ್ಟಿ ಕೊಡ್ರಿ."

ನೀಲಕಂಠ ಬೆವರು ಸುರಿಸಿ ಒಂದು ಸಾಲು ಸಂದಿಲ್ಲದಂತೆ ಜೋಡಿಸಿದ. ಸಾಲು ತುಂಬಿದ್ದೇ ತಡ, ಮಿಂಚಿ ಮಾಯವಾಯಿತು. ಇನ್ನೊಂದು ಸಾಲು ಕಟ್ಟಿದ. ಅದೂ ಮಾಯ.

"ಕಟ್ಟಿದಷ್ಟೂ ನುಂಗ್ತದಲ್ರೀ!" ಮುದುಕಿ ಕೈ ಚೆಲ್ಲಿದಳು. "ಇದು ಗುತ್ತೇದಾರನ ಆಟ ಅದ. ಬಂದ್ ಮಾಡ್ರಿ ಇದಕ!"

ನಲವತ್ತಮೂರರಲ್ಲಿ ಬಾತುಕೋಳಿಗಳು ಹಾಯಾಗಿ ಹಾರಿಹೋದವು. ಕಾಶೆಪ್ಪ ಹಿಗ್ಗಿ ಹೀರೆಕಾಯಿಯಾಗಿ, "ನೋಡ್ರಿ, ನಮ್ಮ ಮನಿಗ ತೆಗ್ಗಿಲ್ಲ, ಇಟ್ಟಂಗಿ ಇಲ್ಲ. ಪುಣ್ಯವಂತರ ಮನಿ" ಅಂದುಬಿಟ್ಟ. ಮಾಳವ್ವ ಸುಮ್ಮನಿರುತ್ತಾಳೆಯೆ? "ನಂಗ ತೆಗ್ಗು, ಇಂವಗ ಹಕ್ಕಿ ಏನು? ಅಳಿಯ್ಯಾರ, ಕಾಶೆಪ್ಪ ನಿಮಗೇನ್ ತಿನ್ನಿಸ್ಯಾನ?" ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಕಾಶೆಪ್ಪ ಎದ್ದು ನಿಂತ. ರೇವಣಪ್ಪ ನಡುವೆ ಬಂದ. ನೀಲಕಂಠನಿಗೆ ಈ ಕಡೆಯಿಂದ ಒಂದು ಬೈಗುಳ, ಆ ಕಡೆಯಿಂದ ಒಂದು. ವಿಚಾರಣೆ ಕಿಟಕಿಯಲ್ಲಾದರೆ ನಡುವೆ ಕಬ್ಬಿಣದ ಜಾಳಿಗೆಯಾದರೂ ಇರುತ್ತಿತ್ತು.

ದಿನಾ ಮಧ್ಯಾಹ್ನ ಹೋಗುವ ಕರೆಂಟು ಅಂದು ಹೋಗಲಿಲ್ಲ. ಮೂರು ಗಂಟೆಯಾಯಿತು, ನಾಲ್ಕಾಯಿತು. ಅರವತ್ತೇಳನೆಯ ಮನೆ ಮುಗಿಯುವಷ್ಟರಲ್ಲಿ ಅವನ ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿತ್ತು. ಹೊರಗೆ ಇನ್ನೂ ಸಾಲಿತ್ತು. ನೀರಡಿಕೆ ಎಂದು ಸುಳ್ಳು ಹೇಳಿ ನೀಲಕಂಠ ಹಿತ್ತಲಿಗೆ ಓಡಿ ಬೇವಿನ ಮರದ ಕೆಳಗೆ ಕುಸಿದ. ಉಂಗುರ ಹೋಯಿತು, ಕ್ರಿಕೆಟ್ ಹೋಯಿತು, ಹೆಬ್ಬೆರಳೂ ಹೋಯಿತು ಎಂದು ಲೆಕ್ಕ ಹಾಕುತ್ತಿರುವಾಗ ಭರತ ಬಂದು ಪಕ್ಕದಲ್ಲಿ ಕೂತ. ಅವನ ಮುಖದಲ್ಲಿ ಈಗ ನಗುವಿರಲಿಲ್ಲ.

"ನೀಲಕಂಠರಾವ್, ಒಂದ್ ಮಾತು. ಆ ಗೇಮ್ ನಂಗ ಕೊಡ್ತೀರೇನು?"

ನೀಲಕಂಠ ಕಿವಿಯನ್ನು ನಂಬಲಿಲ್ಲ. "ನಿಮಗ್ಯಾಕ್ರಿ ಭರತಣ್ಣ?"

"ನಿಲಂಗಾದಾಗ ನಂದು ಪಂಪ್ ರಿಪೇರಿ ದುಕಾನ್ ಅದ. ಹಿಂಗ ಮಂದಿ ಕೂಡೂದಾದ್ರ ನಂಗ ಮತ್ತೇನ್ ಬೇಕು? ಪುಕ್ಕಟ್ಟೆ ಕೊಡ್ರಿ ಅನ್ನೂದಿಲ್ಲ." ಭರತ ಕೈ ಮುಂದೆ ಚಾಚಿದ. ಕೆಂಪು ಹರಳು ಮಿಂಚಿತು. "ಇದು ನಿಮಗ, ಅದು ನಂಗ."

ನೀಲಕಂಠನಿಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಎಂಥ ಬೆಪ್ಪು ಸಿಕ್ಕಿತಪ್ಪ! ಆದರೂ ಮುಖ ಸಣ್ಣದು ಮಾಡಿ, "ಮಾವ ಪ್ರೀತಿಲೇ ಕೊಟ್ಟಾರ, ಹ್ಯಾಂಗ್ ಬಿಟ್ಟು ಕೊಡ್ಲಿ..." ಎಂದು ರಾಗ ಎಳೆದ.

"ಬ್ಯಾಡಂದ್ರ ಬಿಡ್ರಿ" ಎಂದು ಭರತ ಏಳಹೊರಟ.

"ಆಯ್ತು ಆಯ್ತು! ಸಾಡು-ಸಾಡು ಅಂದ್ರ ಅಣ್ತಮ್ಮರ ಹಂಗ. ಇಷ್ಟರೆ ಮಾಡಬಾರ್ದೇನು!"

"ಆದ್ರ ಒಂದ್ ನೋಡ್ರಿ. ಡಬ್ಬಿ, ಥರ್ಮಾಕೋಲ, ಒಳಗಿನ ಚೀಟಿ, ಎಲ್ಲಾ ಇದ್ದಂಗೇ ಇರಬೇಕು. ಒಂದ್ ತುಕಡಾ ಕಮ್ಮಿ ಆಗಬಾರ್ದು. ಪ್ಯಾಕಿಂಗ್ ಇಲ್ಲದ ಸಾಮಾನಿಗ ದುಕಾನದಾಗ ಕಿಮ್ಮತ್ ಇಲ್ಲ."

ಉಂಗುರ ಮೂರು ವರ್ಷದಲ್ಲಿ ಮಾಂಸದೊಳಗೆ ಹೂತಿತ್ತು. ಅಡುಗೆಮನೆಯಿಂದ ಧೋಂಡೆಯ ತುಪ್ಪ ಕದ್ದು ತಂದು ಸವರಿ, ಒಬ್ಬರು ಎಳೆದು ಇನ್ನೊಬ್ಬರು ಹಲ್ಲು ಕಚ್ಚಿ, ಅಂತೂ ಕಳಚಿದರು. ನೀಲಕಂಠ ಒಳಗೆ ಹೋಗಿ, "ಯಂತ್ರ ಬಿಸಿ ಆಗ್ಯದ, ಇನ್ನ ಆಡಿಸಿದ್ರ ಒಡೀತದ" ಎಂದು ಜನರನ್ನು ಚದುರಿಸಿದ. ಒಂದೂ ಚೂರು ತಪ್ಪದಂತೆ ಎಲ್ಲವನ್ನೂ ಡಬ್ಬಿಗೆ ತುಂಬಿ, ದಾರ ಕಟ್ಟಿ, ತನ್ನ ಕೈಯಾರೆ ಹಿತ್ತಲ ಬಾಗಿಲಿನಿಂದ ಭರತನಿಗೆ ಒಪ್ಪಿಸಿದ. ಮಾವನಿಗೆ ತಿಳಿಯಬಾರದು ಎಂದು ಇಬ್ಬರೂ ಆಣೆ ಇಟ್ಟುಕೊಂಡರು.

ಐದರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಾಸ್ತೂರು ಹಿಂದೆ ಬಿದ್ದದ್ದೇ ನೀಲಕಂಠ ಮುಷ್ಟಿ ಬಿಚ್ಚಿ ಹೆಂಡತಿಯ ಮುಂದೆ ಹಿಡಿದ. "ನಿನ್ನ ಗಂಡಗ ಹುಚ್ಚ ಅಂದಿದ್ದಿ. ನೋಡ್ ಇಲ್ಲಿ!"

ಮನಿಷಾ ನೋಡಿದಳು. "ಇದು ಭರತ ದಾಜಿ ಉಂಗುರ. ನಿಮ್ಮ ಕಡಿ ಹ್ಯಾಂಗ್ ಬಂತು?"

"ಅದಲಾಬದಲಿ. ಆ ಹಾಳ್ ಡಬ್ಬಿ ಅವಗ, ಬಂಗಾರ ನಂಗ. ಆ ಮೂರ್ಖಗ ಡಬ್ಬಿ ಜೋಡಿ ಥರ್ಮಾಕೋಲ ಭೀ ಬೇಕಂತ!"

ಮನಿಷಾ ನಗಲಿಲ್ಲ. ಕೈ ಬಾಯಿಯ ಮೇಲೆ ಹೋಯಿತು, ಮುಖ ಬೆಳ್ಳಗಾಯಿತು. "ಥರ್ಮಾಕೋಲ ಕೊಟ್ರಿ?"

"ಕೊಟ್ಟೆ. ಯಾಕ?"

"ಅದರ ಬುಡಕ ನಿಮ್ಮ ಉಂಗುರ ಇತ್ರೀ! ಒಂದ್ ತೊಲಿದು, ಎರಡ್ ಹರಳಿಂದು. ಈ ತಿಂಗಳದಾಗ ಬಂಗಾರ ಕೊಟ್ರ ಗುಪ್ತದಾನ ಮಾಡಬೇಕು, ಬಾಯಿಲೆ ಹೇಳಬಾರ್ದು, ಕೊಟ್ಟಾಂವ ಹೇಳಿದ್ರ ಪುಣ್ಯ ಹೋಗ್ತದ. ನಮ್ಮಪ್ಪ ಡಬ್ಬ್ಯಾಗ ಮುಚ್ಚಿಟ್ಟು ಕೊಟ್ಟಿದ್ದ. ಅವ್ವ ಮುಂಜಾನಿ ಒಲಿ ಮುಂದ ನಂಗ ಹೇಳಿದ್ಳು. ಮನಿಗ್ ಹೋಗಿ ತೆಗದಾಗ ನಿಮಗೇ ಸಿಗ್ತದ ಅಂತ ನಾ ಸುಮ್ಮ ಕೂತಿದ್ದೆ."

ಮುಳುಗುವವನು ಹುಲ್ಲುಕಡ್ಡಿ ಹಿಡಿಯದೆ ಇರುತ್ತಾನೆಯೆ? "ಇರ್ಲಿ ಬಿಡು. ಭರತಣ್ಣಗ ಏನ್ ಗೊತ್ತು? ನಾಳಿ ನಿಲಂಗಾಕ್ಕ ಹೋಗಿ, ಏನರೆ ನೆವ ಹೇಳಿ ಡಬ್ಬಿ ತರ್ತೀನಿ."

"ದಾಜಿಗ ಗೊತ್ತಿಲ್ಲದೇನು!" ಮನಿಷಾ ಹಣೆ ಚಚ್ಚಿಕೊಂಡಳು. "ಹೋದ ಧೋಂಡಿಗ ಅವರಿಗ ತಾಮ್ರದ ಕೊಡ ಕೊಟ್ಟಿದ್ರು. ಈ ಉಂಗುರ ಆ ಕೊಡದ ಬುಡದಾಗೇ ಸಿಕ್ಕಿತ್ತು."

ಮುಂದಿನ ಫಾಟಾದಲ್ಲಿ, ನಿಲಂಗಾದ ರಸ್ತೆ ಕವಲೊಡೆಯುವಲ್ಲಿ, ಬಸ್ಸು ನಿಂತಿತು. ಹಿಂದಿನಿಂದ ಒಂದು ಮೋಟರ್‌ಸೈಕಲ್ಲು ಹಾರ್ನ್ ಬಾರಿಸುತ್ತ ಬಂದು ಕಿಟಕಿಯ ಪಕ್ಕಕ್ಕೇ ನಿಂತಿತು. ಭರತ, ಹಿಂದೆ ಅವನ ಹೆಂಡತಿ ಸಪ್ನಾ. ಭರತನ ಮುಖ ತುಂಬ ನಗು.

"ನೀಲಕಂಠರಾವ್, ವಿಚಾರ ಮಾಡ್ದೆ. ನಮ್ಮ ದುಕಾನದಾಗ ಜಾಗಾನೇ ಇಲ್ರಿ. ಮಾವ ನಿಮಗ ಪ್ರೀತಿಲೇ ಕೊಟ್ಟದ್ದು, ನಿಮ್ಮ ಕಡಿನೇ ಇರ್ಲಿ. ಉಂಗುರ ಭೀ ಇಟ್ಕೋರಿ, ನಾ ವಾಪಸ್ ಕೇಳೂದಿಲ್ಲ. ಸಾಡು-ಸಾಡು ಅಂದ್ರ ಅಣ್ತಮ್ಮರ ಹಂಗ!"

ಕಿಟಕಿಯಿಂದ ಡಬ್ಬಿ ಒಳಗೆ ಬಂತು. ಅದನ್ನು ಹಿಡಿದ ಭರತನ ಕೈಯ ಕಿರುಬೆರಳಲ್ಲಿ, ನೀಲಕಂಠನ ಅಳತೆಗೆ ಮಾಡಿಸಿದ್ದಕ್ಕೆ ಅರ್ಧಕ್ಕೇ ಸಿಕ್ಕಿಕೊಂಡು, ಎರಡು ಹರಳಿನ ಹೊಸ ಉಂಗುರ ಹೊಳೆಯುತ್ತಿತ್ತು.

ಕೇಳುವಂತಿಲ್ಲ. ಕೇಳಿದರೆ ಮಾವ ಕೊಟ್ಟದ್ದನ್ನು ಹಿತ್ತಲಲ್ಲಿ ಮಾರಿದ್ದು ಹೊರಬೀಳುತ್ತದೆ. ಬಸ್ಸಿನ ಜನರೆಲ್ಲ ಇಂಥ ಷಡ್ಡಕ ಯಾರಿಗುಂಟು ಎಂಬಂತೆ ಕತ್ತು ಹೊರಳಿಸಿ ನೋಡುತ್ತಿದ್ದರು. ಏನಾದರೂ ಹೇಳಲೇಬೇಕಾಗಿತ್ತು. ನೀಲಕಂಠ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಊದಿದ ಹೆಬ್ಬೆರಳನ್ನೂ ಸೇರಿಸಿ ಎರಡೂ ಕೈ ಮುಗಿದ.

"ಭಾಳ ಉಪಕಾರ ಆಯ್ತು, ಭರತಣ್ಣ" ಅಂದ.